ಟರೆಟ್ ಪ್ರೆಸ್

ಟರೆಟ್ ಪ್ರೆಸ್ ಎಂದರೆ ಹಲವು ಉಪಕರಣಗಳನ್ನು ತಿರುಗುವ ಒಂದು ತಲೆಯ ಸುತ್ತ ಜೋಡಿಸಿಟ್ಟು, ಆ ಹೊತ್ತಿಗೆ ಬೇಕಾದ ಉಪಕರಣವನ್ನು ರ‍್ಯಾಮ್‌ನ ನೇರಕ್ಕೆ ತಂದು ಒತ್ತುವ ಯಂತ್ರ. ತಿರುಗುವ ಆ ತಲೆಯೇ ಟರೆಟ್. ಈ ಹೆಸರಿನಲ್ಲಿ ಎರಡು ಬೇರೆಬೇರೆ ಯಂತ್ರಗಳಿವೆ. ಒಂದು, ಲೋಹದ ತಗಡಿನಲ್ಲಿ ತೂತು, ಕಿಂಡಿ, ಉಬ್ಬು ಮಾಡುವ ಟರೆಟ್ ಪಂಚ್ ಪ್ರೆಸ್. ಇದು ಹಲವು ಟನ್ ತೂಗುವ ಕಾರ್ಖಾನೆ ಯಂತ್ರ. ಇನ್ನೊಂದು, ಹಾರಿಸಿ ಖಾಲಿಯಾದ ತೋಟಾಗಳನ್ನು ಮತ್ತೆ ತುಂಬಲು ಬಳಸುವ, ಮೇಜಿಗೆ ಬೋಲ್ಟ್ ಹಾಕಿ ಬಿಗಿಯುವ ಕೈಪ್ರೆಸ್. ಎರಡನೆಯದು ಅಮೆರಿಕದ ಮನೆಗಳಲ್ಲಿ ಹವ್ಯಾಸದ ಸಲಕರಣೆ. ಭಾರತದಲ್ಲಿ ಅದು ಶಸ್ತ್ರಾಸ್ತ್ರ ಕಾಯ್ದೆಯ ಹಿಡಿತದಲ್ಲಿರುವ ವಸ್ತು. ಮೊದಲನೆಯದು ರಾಜಾಜಿನಗರ, ಕುರುಬರಹಳ್ಳಿ, ಕಾಮಾಕ್ಷಿಪಾಳ್ಯ, ಲಗ್ಗೆರೆಗಳಿಂದ ಪೀಣ್ಯದವರೆಗೆ ಹಬ್ಬಿದ ಪಶ್ಚಿಮ ಬೆಂಗಳೂರಿನ ಸಣ್ಣ ಕೈಗಾರಿಕೆಗೆ ದಿನನಿತ್ಯ ಬೇಕಾದ ಯಂತ್ರ. ಈ ಲೇಖನದ ಹೆಚ್ಚಿನ ಭಾಗ ಮೊದಲನೆಯದನ್ನು ಕುರಿತದ್ದು. ತೋಟಾ ಪ್ರೆಸ್ಸಿಗೆ ಪ್ರತ್ಯೇಕ ಭಾಗವಿದೆ.

ಪರಿಭಾಷೆ

ತಗಡಿನೊಳಕ್ಕೆ ಇಳಿಯುವ ಮೇಲಿನ ಉಪಕರಣ ಪಂಚ್. ಅದನ್ನು ಕೆಳಗಿನಿಂದ ಎದುರುಗೊಳ್ಳುವ, ತೂತುಳ್ಳ ಉಪಕರಣ ಡೈ. ಪಂಚನ್ನು ತಳ್ಳುವ ಭಾಗ ರ‍್ಯಾಮ್. ಟರೆಟ್ಟಿನಲ್ಲಿ ಒಂದು ಜೊತೆ ಪಂಚ್ ಮತ್ತು ಡೈ ಕೂರುವ ಜಾಗ ಸ್ಟೇಷನ್. ಕತ್ತರಿಸಿ ಕೆಳಗೆ ಬೀಳುವ ತುಣುಕು ಸ್ಲಗ್. ಪಂಚ್ ಮತ್ತು ಡೈ ನಡುವೆ ಬಿಡುವ ಸಂದು ಕ್ಲಿಯರೆನ್ಸ್. ಬೆಂಗಳೂರಿನ ವರ್ಕ್‌ಶಾಪುಗಳಲ್ಲಿ ಈ ಪದಗಳೇ ಬಳಕೆಯಲ್ಲಿರುವುದರಿಂದ ಇಲ್ಲಿಯೂ ಅವನ್ನೇ ಇಟ್ಟುಕೊಳ್ಳಲಾಗಿದೆ. ತಗಡು, ಶೀಟ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

ಟರೆಟ್ ಮೊದಲು ಬಂದದ್ದು ಪ್ರೆಸ್ಸಿಗಲ್ಲ, ಲೇತ್ ಯಂತ್ರಕ್ಕೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಫೀಲ್ಡ್ ಎಂಬ ಊರಿನಲ್ಲಿ ಸ್ಟೀಫನ್ ಫಿಚ್ 1845ರಲ್ಲಿ ಟರೆಟ್ ಲೇತನ್ನು ಕಟ್ಟಿದ. ಆಗ ಅವನ ಕೈಯಲ್ಲಿದ್ದುದು ಅಮೆರಿಕ ಸರ್ಕಾರಕ್ಕೆ ಪಿಸ್ತೂಲುಗಳನ್ನು ಒದಗಿಸುವ ಗುತ್ತಿಗೆ. ಕೇಪಿನ ಮೇಲೆ ಬಡಿದು ಮದ್ದು ಹೊತ್ತಿಸುವ ಕುದುರೆ ಭಾಗಕ್ಕೆ ಒಂದೇ ಅಳತೆಯ ಸಣ್ಣ ಸ್ಕ್ರೂಗಳು ಸಾವಿರಗಟ್ಟಲೆ ಬೇಕಾಗಿದ್ದವು. ಪ್ರತಿ ಸ್ಕ್ರೂಗೂ ಉಪಕರಣ ಬಿಚ್ಚಿ ಇನ್ನೊಂದನ್ನು ಕಟ್ಟಿ ಅಳತೆ ಸರಿಪಡಿಸುತ್ತಾ ಕುಳಿತರೆ ಗುತ್ತಿಗೆ ಮುಗಿಯುವಂತಿರಲಿಲ್ಲ. ಎಲ್ಲ ಉಪಕರಣಗಳನ್ನೂ ಒಮ್ಮೆ ಅಳತೆಗೆ ಕೂರಿಸಿ, ತಲೆಯನ್ನು ತಿರುಗಿಸುತ್ತಾ ಒಂದಾದ ಮೇಲೊಂದನ್ನು ಬಳಸುವುದೇ ಫಿಚ್ ಕಂಡುಕೊಂಡ ದಾರಿ. 1850ರ ದಶಕದಲ್ಲಿ ವರ್ಮಾಂಟ್ ರಾಜ್ಯದ ವಿಂಡ್ಸರ್‌ನಲ್ಲಿದ್ದ ಬಂದೂಕು ತಯಾರಕರಾದ ರಾಬಿನ್ಸ್ ಅಂಡ್ ಲಾರೆನ್ಸ್ ಸಂಸ್ಥೆ ಟರೆಟ್ ಲೇತನ್ನು ಮಾರಾಟದ ಸರಕಾಗಿಸಿತು. ತೋಟಾ ತುಂಬುವ ಪ್ರೆಸ್ಸುಗಳಿಗೆ ಹೆಸರಾದ ಲೈಮನ್ ಸಂಸ್ಥೆಯೂ 1878ರಲ್ಲಿ ಇದೇ ಮಿಡ್ಲ್‌ಫೀಲ್ಡಿನಲ್ಲಿ ಆರಂಭವಾಯಿತು. ಹೀಗೆ ಟರೆಟ್ಟಿನ ಎರಡು ಕವಲುಗಳಿಗೂ ಬೇರು ಬಂದೂಕಿನ ಕಸುಬಿನಲ್ಲೇ ಇದೆ.

ತಗಡಿನ ಕೆಲಸಕ್ಕೆ ಟರೆಟ್ ಬಂದದ್ದು 20ನೆಯ ಶತಮಾನದಲ್ಲಿ. ಫಿಲಡೆಲ್ಫಿಯಾದ ವೀಡೆಮನ್, ನ್ಯೂಯಾರ್ಕ್ ರಾಜ್ಯದ ಆಕ್ರನ್ ಎಂಬ ಊರಿನ ಸ್ಟ್ರಿಪಿಟ್ ಸಂಸ್ಥೆಗಳು ಇದರಲ್ಲಿ ಮುಂದಿದ್ದವು. ಆಗಿನ ಯಂತ್ರದಲ್ಲಿ ಕೆಲಸಗಾರ ಟರೆಟ್ಟನ್ನು ಕೈಯಿಂದಲೇ ತಿರುಗಿಸುತ್ತಿದ್ದ. ತಗಡನ್ನು ಒಂದು ಮಾದರಿ ಹಲಗೆಯ ಗುರುತಿಗೆ ಸರಿಸಿ ಒತ್ತುತ್ತಿದ್ದ. 1952ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅಂಕಿ ನಿಯಂತ್ರಣದ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದ ಬಳಿಕ ಅದೇ ತಂತ್ರ ಪಂಚ್ ಪ್ರೆಸ್ಸಿಗೂ ಹರಡಿತು. ತೂತುಪಟ್ಟಿಯ ಮೇಲೆ ಬರೆದ ಅಂಕಿಗಳು ಮಾದರಿ ಹಲಗೆಯ ಜಾಗ ಹಿಡಿದವು. ಮುಂದೆ ಆ ಪಟ್ಟಿಯ ಜಾಗಕ್ಕೆ ಕಂಪ್ಯೂಟರ್ ಬಂತು. ಅಲ್ಲಿಂದ ಸಿಎನ್‌ಸಿ ಟರೆಟ್ ಪಂಚ್ ಪ್ರೆಸ್ ಎಂಬ ಹೆಸರು ನಿಂತಿತು. 1946ರಲ್ಲಿ ಇಸಾಮು ಅಮಾದ ಸ್ಥಾಪಿಸಿದ ಜಪಾನಿನ ಅಮಾದ ಸಂಸ್ಥೆ ಈ ಯಂತ್ರವನ್ನು ಏಷ್ಯಾದ ಉದ್ದಗಲಕ್ಕೂ ಒಯ್ದಿತು. ಅದರ ಟೂಲ್ ಅಳತೆಗಳು ಈಗ ಬೇರೆ ಕಂಪನಿಗಳ ಯಂತ್ರಗಳಲ್ಲಿಯೂ ನಡೆಯುತ್ತವೆ.

ಭಾರತದಲ್ಲಿ ಇಂತಹ ಯಂತ್ರಗಳ ಆಮದು ಸಲೀಸಾದದ್ದು 1991ರ ಆರ್ಥಿಕ ಸುಧಾರಣೆಯ ನಂತರ.

ರಚನೆ

ಯಂತ್ರದ ಮೈಕಟ್ಟು ದಪ್ಪ ಉಕ್ಕಿನ ಚೌಕಟ್ಟು. ಪಕ್ಕದಿಂದ ನೋಡಿದಾಗ ಒಂದು ಬದಿ ತೆರೆದಿದ್ದರೆ ಸಿ ಚೌಕಟ್ಟು. ಎರಡೂ ಬದಿ ಮುಚ್ಚಿದ ಸೇತುವೆಯಂತಿದ್ದರೆ ಓ ಚೌಕಟ್ಟು. ಓ ಚೌಕಟ್ಟು ಹೊಡೆತಕ್ಕೆ ಕಡಿಮೆ ಬಾಗುವುದರಿಂದ ಪಂಚ್ ಮತ್ತು ಡೈ ಒಂದೇ ನೇರದಲ್ಲಿ ಉಳಿಯುತ್ತವೆ. ಚೌಕಟ್ಟಿನ ಬಾಯಿಯಲ್ಲಿ ಎರಡು ಟರೆಟ್‌ಗಳು ಒಂದರ ಮೇಲೊಂದು ಇರುತ್ತವೆ: ಮೇಲಿನದರಲ್ಲಿ ಪಂಚುಗಳು, ಕೆಳಗಿನದರಲ್ಲಿ ಅವುಗಳ ಜೊತೆಯ ಡೈಗಳು. ಎರಡೂ ಒಟ್ಟಿಗೆ ತಿರುಗಿ, ಬೇಕಾದ ಸ್ಟೇಷನ್ ರ‍್ಯಾಮ್‌ನ ಕೆಳಗೆ ಬಂದಾಗ ನಿಲ್ಲುತ್ತವೆ. ನಿಂತ ಜಾಗ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಮೊನಚು ತುದಿಯ ಗೂಟಗಳು ಟರೆಟ್ಟಿನ ಕುಳಿಗಳಿಗೆ ನುಗ್ಗಿ ಹಿಡಿದುಕೊಳ್ಳುತ್ತವೆ. ಇವಕ್ಕೆ ಇಂಡೆಕ್ಸ್ ಪಿನ್ ಎನ್ನುತ್ತಾರೆ. ಹಳೆಯ ಯಂತ್ರಗಳಲ್ಲಿ ಮೊದಲು ಸವೆಯುವ ಭಾಗಗಳಲ್ಲಿ ಇವೂ ಸೇರಿವೆ.

ತಗಡು ಮಲಗುವ ಮೇಜಿನ ಮೇಲೆ ಉಕ್ಕಿನ ಗುಂಡುಗಳೋ ನೈಲಾನ್ ಬ್ರಷ್ಷುಗಳೋ ಇರುತ್ತವೆ. ಬ್ರಷ್ ಮೇಜಿನಲ್ಲಿ ಗೀರು ಬೀಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂ ಕೆಲಸಕ್ಕೆ ಅದೇ ಬೇಕು. ತಗಡಿನ ಒಂದು ಅಂಚನ್ನು ಎರಡು ಅಥವಾ ಮೂರು ಕ್ಲ್ಯಾಂಪುಗಳು ಕಚ್ಚಿ ಹಿಡಿದು, ಎಕ್ಸ್ ಮತ್ತು ವೈ ದಿಕ್ಕುಗಳಲ್ಲಿ ಎಳೆದಾಡುತ್ತವೆ. ಈ ಯಂತ್ರದಲ್ಲಿ ಚಲಿಸುವುದು ತಗಡು. ಪಂಚ್ ಇದ್ದಲ್ಲೇ ಇಳಿದೇಳುತ್ತದೆ. ಕ್ಲ್ಯಾಂಪ್ ಕಚ್ಚಿದ ಜಾಗದಲ್ಲಿ ತೂತು ಹೊಡೆಯಲಾಗದು. ಆ ಪಟ್ಟಿಯನ್ನು ಬಿಟ್ಟು ಡ್ರಾಯಿಂಗ್ ಹೊಂದಿಸಬೇಕು, ಇಲ್ಲವೇ ನಡುವೆ ಹಿಡಿತ ಬದಲಿಸಬೇಕು. ಮೇಜಿನ ಉದ್ದಕ್ಕಿಂತ ದೊಡ್ಡ ತಗಡಿಗೂ ಹೀಗೆಯೇ: ತಗಡನ್ನು ಒತ್ತಿ ಹಿಡಿದು, ಕ್ಲ್ಯಾಂಪ್ ಬಿಟ್ಟು ಸರಿದು, ಮತ್ತೆ ಕಚ್ಚಿ ಮುಂದುವರಿಸುತ್ತಾರೆ. ಪೇಟೆಯಲ್ಲಿ ಸಿಗುವ ಎಂಟಡಿ ನಾಲ್ಕಡಿ ಶೀಟ್, ಅಂದರೆ ಸುಮಾರು 2,440 × 1,220 ಮಿ.ಮೀ., ಬಹುತೇಕ ಯಂತ್ರಗಳಲ್ಲಿ ಹೆಚ್ಚೆಂದರೆ ಒಮ್ಮೆ ಹಿಡಿತ ಬದಲಿಸಿದರೆ ಮುಗಿಯುತ್ತದೆ.

ಸ್ಟೇಷನ್‌ಗಳಿಗೆ ಅಳತೆಯ ದರ್ಜೆಗಳಿವೆ. ಎ ಸ್ಟೇಷನ್ನಿನಲ್ಲಿ ಕೂರುವ ಪಂಚಿನ ಗರಿಷ್ಠ ಅಡ್ಡಳತೆ 12.7 ಮಿ.ಮೀ., ಬಿ 31.7, ಸಿ 50.8, ಡಿ 88.9, ಇ 114.3. ಇವು ಅರ್ಧ ಇಂಚು, ಒಂದೂಕಾಲು, ಎರಡು, ಮೂರೂವರೆ, ನಾಲ್ಕೂವರೆ ಇಂಚುಗಳ ಲೆಕ್ಕ. ಟರೆಟ್ಟಿನಲ್ಲಿ ಎ ಮತ್ತು ಬಿ ಸ್ಟೇಷನ್‌ಗಳೇ ಹೆಚ್ಚು. ಡಿ ಮತ್ತು ಇ ಒಂದೆರಡು. ಕೆಲವು ಸ್ಟೇಷನ್‌ಗಳಲ್ಲಿ ಪಂಚ್ ಮತ್ತು ಡೈ ತಾವೂ ತಿರುಗಬಲ್ಲವು. ಇವು ಆಟೊ ಇಂಡೆಕ್ಸ್ ಸ್ಟೇಷನ್‌ಗಳು. ಒಂದೇ ಆಯತಾಕಾರದ ಪಂಚನ್ನು ಉದ್ದಕ್ಕೂ ಅಡ್ಡಕ್ಕೂ ಓರೆಗೂ ಬಳಸಲು ಇವು ಬೇಕು. ಆಟೊ ಇಂಡೆಕ್ಸ್ ಇಲ್ಲದ ಯಂತ್ರದಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು ಎಂದು ಎರಡು ಸ್ಟೇಷನ್ ಒಂದೇ ಟೂಲಿಗೆ ಖರ್ಚಾಗುತ್ತವೆ.

ಒತ್ತುಬಲ ಮತ್ತು ಕ್ಲಿಯರೆನ್ಸ್

ತೂತು ಹೊಡೆಯಲು ಬೇಕಾದ ಬಲ ಮೂರು ಅಂಶಗಳ ಗುಣಲಬ್ಧ: ತೂತಿನ ಸುತ್ತಳತೆ, ತಗಡಿನ ದಪ್ಪ, ಲೋಹ ಕತ್ತರಿಕೆಗೆ ಒಡ್ಡುವ ಪ್ರತಿರೋಧ. ಮೈಲ್ಡ್ ಸ್ಟೀಲಿಗೆ ಈ ಪ್ರತಿರೋಧ ಚದರ ಮಿ.ಮೀ.ಗೆ ಸುಮಾರು 350 ನ್ಯೂಟನ್ ಎಂದು ಹಿಡಿಯುತ್ತಾರೆ. 2 ಮಿ.ಮೀ. ದಪ್ಪದ ಶೀಟಿನಲ್ಲಿ 20 ಮಿ.ಮೀ. ಅಡ್ಡಳತೆಯ ದುಂಡು ತೂತಿಗೆ ಸುತ್ತಳತೆ 62.8 ಮಿ.ಮೀ.; ಬೇಕಾದ ಬಲ ಸುಮಾರು 44,000 ನ್ಯೂಟನ್, ಎಂದರೆ ನಾಲ್ಕೂವರೆ ಟನ್. ಅದೇ ತೂತನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೊಡೆಯಲು ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೇಕು. 20 ಅಥವಾ 30 ಟನ್ ಸಾಮರ್ಥ್ಯದ ಯಂತ್ರಕ್ಕೆ ಇವೆರಡೂ ಲೆಕ್ಕಕ್ಕಿಲ್ಲ. ಆದರೆ 3 ಮಿ.ಮೀ. ಶೀಟಿನಲ್ಲಿ ಡಿ ಸ್ಟೇಷನ್ನಿನ ಪೂರ್ಣ ಅಳತೆಯ, 88.9 ಮಿ.ಮೀ. ತೂತು ಹೊಡೆಯಹೋದರೆ ಲೆಕ್ಕ 30 ಟನ್ನಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. 20 ಟನ್ ಯಂತ್ರದಿಂದ ಆಗದು. ಆಗ ಸಣ್ಣ ಪಂಚಿನಿಂದ ಅಂಚಿನುದ್ದಕ್ಕೂ ಕಚ್ಚುತ್ತಾ ಸುತ್ತುತ್ತಾರೆ. ಇದಕ್ಕೆ ನಿಬ್ಲಿಂಗ್ ಎಂದು ಹೆಸರು. ಇಲ್ಲವಾದರೆ ತುದಿಯನ್ನು ಇಳಿಜಾರಾಗಿ ಸಾಣೆ ಹಿಡಿದ ಪಂಚ್ ಬಳಸುತ್ತಾರೆ. ಆಗ ಇಡೀ ಸುತ್ತಳತೆ ಒಮ್ಮೆಗೇ ಕತ್ತರಿಸದೆ ಸ್ವಲ್ಪಸ್ವಲ್ಪವಾಗಿ ಕತ್ತರಿಸುವುದರಿಂದ ಬಲ ಕಡಿಮೆ ಸಾಕು.

ಕ್ಲಿಯರೆನ್ಸ್ ಸಂಗತಿ ಇದಕ್ಕಿಂತ ಸೂಕ್ಷ್ಮ. ಡೈಯ ತೂತು ಪಂಚಿಗಿಂತ ತುಸು ದೊಡ್ಡದಿರಬೇಕು. ಎಷ್ಟು ದೊಡ್ಡದು ಎಂಬುದನ್ನು ಲೋಹ ಮತ್ತು ದಪ್ಪ ಹೇಳುತ್ತವೆ: ಅಲ್ಯೂಮಿನಿಯಂಗೆ ದಪ್ಪದ ಶೇ 15ರ ಆಸುಪಾಸು, ಮೈಲ್ಡ್ ಸ್ಟೀಲಿಗೆ ಶೇ 20, ಸ್ಟೇನ್‌ಲೆಸ್ ಸ್ಟೀಲಿಗೆ ಶೇ 20ರಿಂದ 25. 2 ಮಿ.ಮೀ. ಮೈಲ್ಡ್ ಸ್ಟೀಲಿಗೆ 20 ಮಿ.ಮೀ. ಪಂಚ್ ಇದ್ದರೆ ಡೈ 20.4 ಮಿ.ಮೀ.; 1 ಮಿ.ಮೀ. ಶೀಟಿಗೆ 20.2. ಹಾಗಾಗಿ ಒಂದೇ ಪಂಚಿಗೆ ದಪ್ಪಕ್ಕೊಂದರಂತೆ ಹಲವು ಡೈಗಳು ಕಪಾಟಿನಲ್ಲಿರಬೇಕು. ಇದನ್ನು ಉಳಿತಾಯ ಮಾಡಹೋಗಿ ಒಂದೇ ಡೈಯಲ್ಲಿ ಎಲ್ಲ ದಪ್ಪವನ್ನೂ ಹೊಡೆಯುವ ಶೆಡ್ಡುಗಳಲ್ಲಿ ತೂತಿನ ಅಂಚಿಗೆ ಬರ್ ಎಂಬ ಚೂಪು ಲೋಹದ ಏಣು ಎದ್ದುಕೊಳ್ಳುತ್ತದೆ. ಅದನ್ನು ಉಜ್ಜಿ ತೆಗೆಯುವ ಕೂಲಿ ಡೈಯ ಬೆಲೆಯನ್ನು ಬೇಗ ಮೀರುತ್ತದೆ. ಸಂದು ಕಡಿಮೆಯಾದರೆ ಪಂಚ್ ಬೇಗ ಮೊಂಡಾಗುತ್ತದೆ, ತಗಡಿನಿಂದ ಹಿಂದಕ್ಕೆ ಬರಲು ಹೆಣಗುತ್ತದೆ. ಸಂದು ಹೆಚ್ಚಾದರೆ ಅಂಚು ಮಡಿಚಿ ಬರ್ ದಪ್ಪಗಾಗುತ್ತದೆ, ಸ್ಲಗ್ ಪಂಚಿನ ತುದಿಗೆ ಅಂಟಿಕೊಂಡು ಮೇಲೆ ಬಂದು ಶೀಟಿನ ಮೇಲೆ ಬಿದ್ದು ಮುಂದಿನ ಹೊಡೆತದಲ್ಲಿ ಮುದ್ರೆಯೊತ್ತುತ್ತದೆ.

ತೂತಿನ ಅಳತೆ ಪಂಚಿನದು; ಕತ್ತರಿಸಿ ಬಿದ್ದ ತುಣುಕಿನ ಅಳತೆ ಡೈಯದು. ತಗಡಿನ ದಪ್ಪಕ್ಕಿಂತ ಚಿಕ್ಕ ಅಡ್ಡಳತೆಯ ತೂತನ್ನು ಸಾಮಾನ್ಯ ಪಂಚಿನಿಂದ ಹೊಡೆಯುವುದಿಲ್ಲ, ಪಂಚ್ ಮುರಿಯುತ್ತದೆ.

ಬಗೆಗಳು

ರ‍್ಯಾಮನ್ನು ನಡೆಸುವ ಬಗೆಯಿಂದ ಮೂರು ವರ್ಗ. ಮೊದಲನೆಯದರಲ್ಲಿ ಮೋಟರ್ ಒಂದು ಭಾರವಾದ ಫ್ಲೈವೀಲನ್ನು ಸದಾ ತಿರುಗಿಸುತ್ತಿರುತ್ತದೆ. ಕ್ಲಚ್ ಕಚ್ಚಿದಾಗ ಕ್ರ್ಯಾಂಕ್ ತಿರುಗಿ ಹೊಡೆತ ಬೀಳುತ್ತದೆ. ಇದು ಮೆಕ್ಯಾನಿಕಲ್. ಹೊಡೆತದ ಆಳ ಇದರಲ್ಲಿ ಬದಲಾಗುವುದಿಲ್ಲ. ಎರಡನೆಯದು ಹೈಡ್ರಾಲಿಕ್: ಎಣ್ಣೆಯ ಒತ್ತಡದಿಂದ ನಡೆಯುವುದರಿಂದ ರ‍್ಯಾಮನ್ನು ಎಷ್ಟು ಬೇಕೋ ಅಷ್ಟೇ ಆಳಕ್ಕೆ ಇಳಿಸಬಹುದು, ಉಬ್ಬು ಮೂಡಿಸುವ ಕೆಲಸಕ್ಕೆ ಅನುಕೂಲ. ಎಣ್ಣೆ ತಣ್ಣಗಿಡಲು ಚಿಲ್ಲರ್ ಬೇಕು, ವಿದ್ಯುತ್ ಹೆಚ್ಚು ಎಳೆಯುತ್ತದೆ. ಮೂರನೆಯದು ಸರ್ವೊ ಎಲೆಕ್ಟ್ರಿಕ್. ಹೊಡೆಯುವಾಗ ಮಾತ್ರ ವಿದ್ಯುತ್ ಬಳಸುವ ಇದು ಈಗ ಹೊಸ ಯಂತ್ರಗಳಲ್ಲಿ ಮುಂದಿದೆ.

ಟರೆಟ್ ಇಲ್ಲದೆ, ಒಂದೇ ತಲೆಗೆ ಉಪಕರಣಗಳನ್ನು ಕಪಾಟಿನಿಂದ ತಂದುಕೊಂಡು ಹೊಡೆಯುವ ಪಂಚಿಂಗ್ ಯಂತ್ರಗಳನ್ನು ಜರ್ಮನಿಯ ಟ್ರುಂಫ್ ಸಂಸ್ಥೆ ಬೆಳೆಸಿತು. ಪಂಚ್ ಮತ್ತು ಲೇಸರ್ ಎರಡೂ ಇರುವ ಜಂಟಿ ಯಂತ್ರಗಳೂ ಇವೆ. ಸಣ್ಣ ಶೆಡ್ಡುಗಳಲ್ಲಿ ಕಾಣುವ ಫ್ಲೈ ಪ್ರೆಸ್ ಮತ್ತು ಪವರ್ ಪ್ರೆಸ್ ಈ ಗುಂಪಿಗೆ ಸೇರುವುದಿಲ್ಲ. ಅವುಗಳಲ್ಲಿ ಒಮ್ಮೆಗೆ ಒಂದೇ ಟೂಲ್. ಒಂದೇ ಭಾಗವನ್ನು ಲಕ್ಷಗಟ್ಟಲೆ ಮಾಡುವಾಗ ಮಾತ್ರ ಆ ಟೂಲ್ ಮಾಡಿಸಿದ್ದಕ್ಕೆ ಬೆಲೆ ಬರುತ್ತದೆ. ಹತ್ತು, ಐವತ್ತು, ಇನ್ನೂರು ಎಂಬ ಲೆಕ್ಕದಲ್ಲಿ ಬೇರೆಬೇರೆ ಪ್ಯಾನೆಲುಗಳು ಬೇಕಾದಾಗ ಟರೆಟ್ಟಿಗೆ ಸಾಟಿಯಿಲ್ಲ.

ತೋಟಾ ತುಂಬುವ ಟರೆಟ್ ಪ್ರೆಸ್

ಬಂದೂಕಿನ ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೆ ಉಳಿಯುವುದು ಕೊಳವೆ ಮಾತ್ರ. ಒಟ್ಟು ಬೆಲೆಯಲ್ಲಿ ಅದರ ಪಾಲು ದೊಡ್ಡದು. ಅಮೆರಿಕ, ಕೆನಡಾ ಮತ್ತು ಯುರೋಪಿನ ಕೆಲವು ದೇಶಗಳಲ್ಲಿ ಗುರಿಕಾರರು ಕೊಳವೆಯನ್ನು ಮತ್ತೆ ಬಳಸುವುದು ಈ ಕಾರಣಕ್ಕೆ. ಉಬ್ಬಿದ ಕೊಳವೆಯನ್ನು ಅಳತೆಗೆ ತರುವುದು, ಹಳೆಯ ಕೇಪು ತೆಗೆದು ಹೊಸದನ್ನು ಕೂರಿಸುವುದು, ಮದ್ದು, ಗುಂಡು ಎಂದು ಕೆಲಸ ಹಲವು ಹಂತಗಳಲ್ಲಿ ಸಾಗುತ್ತದೆ. ಹೆಚ್ಚಿನ ಹಂತಗಳಿಗೆ ಬೇರೆಬೇರೆ ಡೈ ಬೇಕು (ಇಲ್ಲಿ ಡೈ ಎಂದರೆ ಪ್ರೆಸ್ಸಿನ ತಲೆಯಲ್ಲಿ ಕೂರುವ ಉಪಕರಣ). ಒಂದೇ ಡೈ ಹಿಡಿಯುವ ಪ್ರೆಸ್ ಸಿಂಗಲ್ ಸ್ಟೇಜ್. ಎಲ್ಲ ಡೈಗಳನ್ನೂ ತಿರುಗುವ ತಲೆಯಲ್ಲಿ ಹೊತ್ತದ್ದು ಟರೆಟ್. ಸನ್ನೆಯ ಪ್ರತಿ ಎಳೆತಕ್ಕೂ ಹಲವು ಕೊಳವೆಗಳ ಮೇಲೆ ಒಟ್ಟಿಗೆ ಬೇರೆಬೇರೆ ಹಂತ ನಡೆಸುವುದು ಪ್ರೊಗ್ರೆಸಿವ್. ವಿಸ್ಕಾನ್ಸಿನ್‌ನ ಲೀ ಸಂಸ್ಥೆಯ ಪ್ರೆಸ್ಸಿನಲ್ಲಿ ನಾಲ್ಕು ಸ್ಟೇಷನ್, ರೆಡ್ಡಿಂಗ್ ಸಂಸ್ಥೆಯ ಟಿ-7ರಲ್ಲಿ ಏಳು, ಲೈಮನ್ನಿನ ಈಚಿನ ಪ್ರೆಸ್ಸಿನಲ್ಲಿ ಎಂಟು ಇವೆ. ಡೈಗಳ ತಿರುಪಿನ ಮರೆ (ಥ್ರೆಡ್) ಬಹುತೇಕ ಕಂಪನಿಗಳಲ್ಲಿ ಒಂದೇ: ಎಂಟರಲ್ಲಿ ಏಳಂಶ ಇಂಚು ಅಡ್ಡಳತೆ, ಇಂಚಿಗೆ 14 ಸುತ್ತು. ಮದ್ದಿನ ತೂಕದಲ್ಲಿ ಸಣ್ಣ ತಪ್ಪೂ ಬಂದೂಕನ್ನು ಒಡೆಯಬಲ್ಲದು. ಒಂದೇ ಕೊಳವೆಗೆ ಎರಡು ಬಾರಿ ಮದ್ದು ಬೀಳುವುದು ಈ ಹವ್ಯಾಸದ ಕುಖ್ಯಾತ ಅವಘಡ.

ಭಾರತದಲ್ಲಿ ಪರಿಸ್ಥಿತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಅದರ ಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಸೇರಿವೆ. ಕಾನೂನಿನ ಕಣ್ಣಿನಲ್ಲಿ ಖಾಲಿ ಪ್ರೆಸ್ ಕೂಡ ಬರಿಯ ಉಪಕರಣವಲ್ಲ. ತಯಾರಿಕೆಗೆ ಆ ಕಾಯ್ದೆಯ 5ನೆಯ ಕಲಮಿನಂತೆ ಲೈಸೆನ್ಸ್ ಬೇಕು. ಮದ್ದಿಗೆ 1884ರ ಸ್ಫೋಟಕಗಳ ಕಾಯ್ದೆಯೂ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಲೈಸೆನ್ಸಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಕರ್ನಾಟಕದಲ್ಲಿ ಕೋವಿಯ ವಿಚಾರ ಬಂದಾಗಲೆಲ್ಲ ಕೊಡಗಿನ ಹೆಸರು ಬರುತ್ತದೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಜಮೀನಿನ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಸುವ ಹಕ್ಕು ಅದರಲ್ಲಿಲ್ಲ. ಭಾರತದ ಸಣ್ಣ ತೋಟಾಗಳ ಮುಖ್ಯ ತಯಾರಕರಲ್ಲಿ ಒಂದು ಪುಣೆ ಬಳಿಯ ಖಡ್ಕಿ ಮದ್ದುಗುಂಡು ಕಾರ್ಖಾನೆ. 1869ರಲ್ಲಿ ಆರಂಭವಾದ ಅದು 2021ರ ಅಕ್ಟೋಬರಿನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಅಧೀನದಲ್ಲಿದೆ.

ಪಶ್ಚಿಮ ಬೆಂಗಳೂರಿನಲ್ಲಿ

ಈ ಕೈಗಾರಿಕಾ ಪ್ರದೇಶದ ನಡುವಿನ ಕುರುಬರಹಳ್ಳಿ ಮಹಾಲಕ್ಷ್ಮಿ ಬಡಾವಣೆಗೂ ಬಸವೇಶ್ವರನಗರಕ್ಕೂ ನಡುವೆ ಇದೆ. ವಾಯವ್ಯಕ್ಕೆ ಲಗ್ಗೆರೆ, ಅದರಾಚೆ ಪೀಣ್ಯ, ದಕ್ಷಿಣಕ್ಕೆ ಕಾಮಾಕ್ಷಿಪಾಳ್ಯ, ಹತ್ತಿರದಲ್ಲೇ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್. ಹಳೆಯ ಹಳ್ಳಿ ನಗರದೊಳಗೆ ಕರಗಿದಾಗ ಸುತ್ತಲಿನ ಕಾರ್ಖಾನೆಗಳ ಕೆಲಸಗಾರರು ಇಲ್ಲಿ ಮನೆ ಮಾಡಿದರು. ಈ ಭಾಗದ ಅಡ್ಡರಸ್ತೆಗಳಲ್ಲಿ ಕೆಳಗೆ ಶೆಡ್, ಮೇಲೆ ಮನೆ ಎಂಬ ಕಟ್ಟಡಗಳು ಸಾಮಾನ್ಯ. ಲೇತ್, ಡ್ರಿಲ್ಲಿಂಗ್, ಫ್ಲೈ ಪ್ರೆಸ್, ಸಣ್ಣ ಪವರ್ ಪ್ರೆಸ್ ಇಂತಹ ಶೆಡ್ಡಿನಲ್ಲಿ ನಿಲ್ಲುತ್ತವೆ. ಟರೆಟ್ ಪಂಚ್ ನಿಲ್ಲುವುದಿಲ್ಲ: ಅದರ ತೂಕಕ್ಕೆ ಅಡಿಪಾಯ ಬೇಕು, ಕ್ರೇನಿನಿಂದ ಇಳಿಸಲು ರಸ್ತೆ ಅಗಲವಿರಬೇಕು, ಹೊಡೆತದ ಸದ್ದನ್ನು ಅಕ್ಕಪಕ್ಕದ ಮನೆಗಳು ತಾಳಬೇಕು. ಆದ್ದರಿಂದ ಯಂತ್ರ ಪೀಣ್ಯದಲ್ಲೋ ಎಸ್ಟೇಟಿನಲ್ಲೋ ಇರುತ್ತದೆ, ಕೆಲಸ ಅಡ್ಡರಸ್ತೆಯ ಶೆಡ್ಡುಗಳಿಂದ ಹೋಗುತ್ತದೆ. ಶೆಡ್ಡಿನ ಓನರ್ ಶೀಟನ್ನೂ ಡ್ರಾಯಿಂಗನ್ನೂ ಚಲನ್ ಸಮೇತ ಟೆಂಪೋದಲ್ಲಿ ಕಳಿಸಿ, ಪಂಚ್ ಆದ ಶೀಟನ್ನು ಮರಳಿ ತರಿಸಿಕೊಳ್ಳುತ್ತಾರೆ. ಇದು ಜಾಬ್ ವರ್ಕ್. ಬಾಡಿಗೆಯನ್ನು ಯಂತ್ರದ ಗಂಟೆಯ ಮೇಲೋ ಹೊಡೆತಗಳ ಲೆಕ್ಕದಲ್ಲೋ ಹಾಕುತ್ತಾರೆ. ಜಿಎಸ್‌ಟಿ ಕಾಯ್ದೆಯ 143ನೆಯ ಕಲಮಿನಂತೆ ಹೀಗೆ ಕಳಿಸಿದ ಕಚ್ಚಾ ಸರಕು ಒಂದು ವರ್ಷದೊಳಗೆ ಮರಳಬೇಕು. ಹಾಗಾಗಿ ಪಶ್ಚಿಮ ಬೆಂಗಳೂರಿನಲ್ಲಿ ಟರೆಟ್ ಪಂಚ್ ಒಬ್ಬರದೇ ಆಸ್ತಿಯಾದರೂ ಬಳಕೆಯಲ್ಲಿ ಇಡೀ ಬೀದಿಯದು.

ಈ ಕೆಲಸಕ್ಕೆ ಬೇಡಿಕೆ ಹುಟ್ಟಿಸಿದ್ದು ದೊಡ್ಡ ಕಾರ್ಖಾನೆಗಳು. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ಗೆ (ಐಟಿಐ) ದೂರವಾಣಿ ವಿನಿಮಯ ಕೇಂದ್ರದ ರ‍್ಯಾಕುಗಳು ಬೇಕಿದ್ದವು. 1954ರ ಭಾರತ್ ಎಲೆಕ್ಟ್ರಾನಿಕ್ಸ್‌ಗೆ (ಬಿಇಎಲ್) ಎಲೆಕ್ಟ್ರಾನಿಕ್ ಉಪಕರಣಗಳ ಪೆಟ್ಟಿಗೆಗಳು. ಯಶವಂತಪುರದ ಮೈಸೂರು ಎಲೆಕ್ಟ್ರಿಕಲ್ ಇಂಡಸ್ಟ್ರೀಸ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಮಲ್ಲೇಶ್ವರದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆಗಳ ವಿದ್ಯುತ್ ಉಪಕರಣಗಳಿಗೆ ತಗಡಿನ ಹೊರಮೈ. ಇವುಗಳಲ್ಲಿ ಎನ್‌ಜಿಇಎಫ್ ಮುಚ್ಚಿತು. ಕಿರ್ಲೋಸ್ಕರ್ ಜಾಗದಲ್ಲಿ ಈಗ ಬ್ರಿಗೇಡ್ ಗೇಟ್‌ವೇ ಮತ್ತು ಒರಾಯನ್ ಮಾಲ್ ಇವೆ. ಪ್ಯಾನೆಲ್ ಕೆಲಸ ಮಾತ್ರ ನಿಲ್ಲದೆ ಸಣ್ಣ ಘಟಕಗಳಿಗೆ ಹಂಚಿಹೋಯಿತು.

ತರಬೇತಿಯ ಸಂಸ್ಥೆಗಳೂ ಹತ್ತಿರದಲ್ಲೇ ಇವೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ. ಅದರ ಟೂಲ್ ಅಂಡ್ ಡೈ ಡಿಪ್ಲೊಮಾ ಪಡೆದವರು ಈ ಭಾಗದ ಟೂಲ್‌ರೂಮುಗಳ ಬೆನ್ನೆಲುಬು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ) ಇದೆ. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ 1949ರಿಂದ ಇದೆ, ಅದರ ಕಚೇರಿ ವಿಜಯನಗರದಲ್ಲಿ. ಹೊಸ ಯಂತ್ರಗಳನ್ನು ನೋಡಲು ಸಿಗುವ ದೊಡ್ಡ ಅವಕಾಶ ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಫಾರ್ಮಿಂಗ್ ಪ್ರದರ್ಶನ. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ಬಿಐಇಸಿ ಬಳಿಯ ಮಾದಾವರದವರೆಗೆ ಬಂದ ಮೇಲೆ ಮಹಾಲಕ್ಷ್ಮಿ ನಿಲ್ದಾಣದಲ್ಲಿ ಹತ್ತಿ ನೇರ ಅಲ್ಲಿಯೇ ಇಳಿಯಬಹುದು.

ಬಳಕೆ

ವಿದ್ಯುತ್ ಪ್ಯಾನೆಲ್, ಮೀಟರ್ ಪೆಟ್ಟಿಗೆ, ಯುಪಿಎಸ್ ಹೊರಮೈ, ಸರ್ವರ್ ರ‍್ಯಾಕ್, ಲಿಫ್ಟಿನ ಒಳಗೋಡೆ, ಹೋಟೆಲ್ ಅಡುಗೆಮನೆಯ ಸ್ಟೇನ್‌ಲೆಸ್ ಸಲಕರಣೆ, ಯಂತ್ರಗಳ ಕವರು: ಟರೆಟ್ ಪಂಚಿನ ಕೆಲಸ ಹೆಚ್ಚಾಗಿ ಇವೇ. ಬಳಸುವ ಶೀಟ್ ಸಿಆರ್‌ಸಿಎ (ತಣ್ಣಗೆ ಉರುಳಿಸಿದ ಉಕ್ಕು), ಜಿಐ (ಸತು ಲೇಪಿಸಿದ ತಗಡು), ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ. ದಪ್ಪವನ್ನು ಈಗಲೂ ಗೇಜಿನಲ್ಲಿ ಹೇಳುವುದು ರೂಢಿ, 16 ಗೇಜ್ ಎಂದರೆ 1.6 ಮಿ.ಮೀ., 18 ಗೇಜ್ ಎಂದರೆ 1.2.

ಕೆಲಸದ ಸರಣಿ ಹೀಗೆ. ಮೊದಲು ಭಾಗವನ್ನು ಬಿಡಿಸಿ ಚಪ್ಪಟೆಯಾಗಿ ಡ್ರಾಯಿಂಗ್ ಮಾಡುತ್ತಾರೆ, ಬಾಗುವಲ್ಲಿ ಲೋಹ ಎಷ್ಟು ಹಿಗ್ಗುತ್ತದೆಂಬುದನ್ನು ಕಳೆಯುತ್ತಾರೆ. ಒಂದು ಶೀಟಿನಲ್ಲಿ ಎಷ್ಟು ಭಾಗ ಕೂರುತ್ತವೆಂದು ಸಾಫ್ಟ್‌ವೇರಿನಲ್ಲಿ ನೆಸ್ಟಿಂಗ್ ಮಾಡುತ್ತಾರೆ. ಯಾವ ಟೂಲ್ ಯಾವ ಸ್ಟೇಷನ್ನಿನಲ್ಲಿ ಎಂಬ ಪಟ್ಟಿ ಆಪರೇಟರಿಗೆ ಹೋಗುತ್ತದೆ. ಒಳಗಿನ ತೂತುಗಳನ್ನು ಮೊದಲು, ಹೊರಗಿನ ಅಂಚನ್ನು ಕೊನೆಗೆ ಹೊಡೆಯುವುದು ನಿಯಮ. ಮೇಲೆದ್ದ ಉಬ್ಬುಗಳನ್ನು ಸಾಧ್ಯವಾದಷ್ಟು ತಡವಾಗಿ ಮಾಡುತ್ತಾರೆ, ಇಲ್ಲವಾದರೆ ಅವು ಟರೆಟ್ಟಿಗೆ ತಗಲುತ್ತವೆ. ಭಾಗಗಳು ಪೂರ್ತಿ ಕತ್ತರಿಸಿ ಬಿದ್ದರೆ ಚಲಿಸುವ ಶೀಟಿಗೆ ಸಿಕ್ಕಿಕೊಳ್ಳುವುದರಿಂದ ಮೂಲೆಗಳಲ್ಲಿ ಕೂದಲಿನಷ್ಟು ಲೋಹ ಉಳಿಸುತ್ತಾರೆ. ಇದು ಮೈಕ್ರೊ ಜಾಯಿಂಟ್. ಶೀಟನ್ನು ಹೊರತೆಗೆದು ಇಬ್ಬರು ಹಿಡಿದು ಒದರಿದರೆ ಭಾಗಗಳು ಉದುರುತ್ತವೆ. ಆಮೇಲೆ ಪ್ರೆಸ್ ಬ್ರೇಕಿನಲ್ಲಿ ಬೆಂಡಿಂಗ್, ವೆಲ್ಡಿಂಗ್, ಏಳು ತೊಟ್ಟಿಗಳಲ್ಲಿ ತೊಳೆದು ಪೌಡರ್ ಕೋಟಿಂಗ್. ಸ್ಲಗ್ ಮತ್ತು ಉಳಿದ ಜಾಲರಿ ಗುಜರಿಗೆ.

ತೂತಿನ ಹೊರತಾಗಿ ಟರೆಟ್ ಪಂಚ್ ಗಾಳಿಯಾಡುವ ಲೂವರ್, ಸ್ಕ್ರೂ ತಲೆ ಮುಳುಗಲು ಕೌಂಟರ್‌ಸಿಂಕ್, ಮರೆ ಕೊರೆಯಲು ಎತ್ತಿದ ಕುತ್ತಿಗೆ, ಕೇಬಲ್ ಹಾಯಿಸುವಾಗ ತಟ್ಟಿ ತೆಗೆಯುವ ನಾಕ್‌ಔಟ್, ಅಕ್ಷರ ಮತ್ತು ಚಿಹ್ನೆಗಳನ್ನೂ ಮಾಡುತ್ತದೆ.

ಕೊಳ್ಳುವಿಕೆ

ಹೊಸ ಯಂತ್ರದ ಬೆಲೆ ಸಣ್ಣ ಘಟಕಕ್ಕೆ ಭಾರವಾದ್ದರಿಂದ ಹೊರದೇಶದಿಂದ ಬಂದ ಹಳೆಯ ಯಂತ್ರಗಳಿಗೂ ಪೇಟೆಯಿದೆ. ಆಮದಾಗುವ ಹಳೆಯ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರವನ್ನು ಕಸ್ಟಮ್ಸ್ ಕೇಳುತ್ತದೆ. ಪರೀಕ್ಷಿಸುವಾಗ ಬಣ್ಣಕ್ಕೆ ಮರುಳಾಗದೆ ನೋಡಬೇಕಾದದ್ದು ಟರೆಟ್ಟಿನ ಕುಳಿಗಳ ಸವೆತ ಮತ್ತು ಮೇಲಿನ ಕೆಳಗಿನ ಸ್ಟೇಷನ್‌ಗಳ ನೇರ. ತೆಳು ಶೀಟಿನಲ್ಲಿ ಪ್ರತಿ ಸ್ಟೇಷನ್ನಿನಿಂದಲೂ ತೂತು ಹೊಡೆಸಿ ಬರ್ ಸುತ್ತಲೂ ಸಮನಾಗಿದೆಯೇ ನೋಡಿದರೆ ಬಹಳಷ್ಟು ತಿಳಿಯುತ್ತದೆ. ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳು ಎಂದಾದರೆ ನೇರ ತಪ್ಪಿದೆ. ಹಳೆಯ ಕಂಟ್ರೋಲಿನ ಬಿಡಿ ಬೋರ್ಡುಗಳು ಸಿಗದಿದ್ದರೆ ಚೌಕಟ್ಟು ಎಷ್ಟೇ ಗಟ್ಟಿಯಿದ್ದರೂ ಯಂತ್ರ ನಿಂತಂತೆಯೇ.

ಯಂತ್ರದ ಬೆಲೆಯ ಜೊತೆಗೆ ಟೂಲಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ದುಂಡು, ಚೌಕ, ಆಯತ, ಉದ್ದ ಸ್ಲಾಟ್ ಟೂಲುಗಳು, ಒಂದೊಂದಕ್ಕೂ ದಪ್ಪವಾರು ಡೈಗಳು, ಲೂವರಿನಂತಹ ವಿಶೇಷ ಟೂಲುಗಳು ಸೇರಿದರೆ ಅದೇ ದೊಡ್ಡ ಬಂಡವಾಳ. ಅಮೆರಿಕದ ಮಿನಸೋಟ ರಾಜ್ಯದ ಮೇಟ್ ಮತ್ತು ವಿಲ್ಸನ್ ಸಂಸ್ಥೆಗಳ ಟೂಲುಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಸರಳ ಟೂಲುಗಳನ್ನು ಸ್ಥಳೀಯ ಟೂಲ್‌ರೂಮುಗಳೂ ಮಾಡಿಕೊಡಬಲ್ಲವು. ಜಾಗದ ಲೆಕ್ಕದಲ್ಲಿ ಯಂತ್ರದ ಉದ್ದಗಲ ಸಾಲದು. ಶೀಟ್ ಎರಡೂ ಪಕ್ಕಕ್ಕೆ ಚಾಚುವಷ್ಟು ತೆರವು ಬೇಕು.

ನಿರ್ವಹಣೆ ಮತ್ತು ಸುರಕ್ಷತೆ

ಪಂಚಿನ ಅಂಚು 0.1ರಿಂದ 0.25 ಮಿ.ಮೀ.ನಷ್ಟು ದುಂಡಗಾದಾಗ ಸಾಣೆ ಹಿಡಿಯಬೇಕು. ಇನ್ನೂ ಓಡುತ್ತದೆ ಎಂದು ಬಿಟ್ಟರೆ ಸವೆತ ಇನ್ನೂ ವೇಗವಾಗಿ ಏರಿ, ಕೊನೆಗೆ ಹೆಚ್ಚು ಲೋಹ ಉಜ್ಜಬೇಕಾಗುತ್ತದೆ. ಸಾಣೆ ಹಿಡಿಯುವಾಗ ಕೂಲೆಂಟ್ ಧಾರಾಳವಾಗಿರಬೇಕು. ಬಿಸಿಯೇರಿದರೆ ಉಕ್ಕಿನ ಗಡಸುತನ ಹೋಗುತ್ತದೆ. ಉಜ್ಜಿದಷ್ಟು ಪಂಚಿನ ಉದ್ದವನ್ನು ಮತ್ತೆ ಹೊಂದಿಸಬೇಕು, ಡೈಯ ಕೆಳಗೆ ಶಿಮ್ ಇಡಬೇಕು. ಕ್ಲ್ಯಾಂಪಿನ ಹಲ್ಲು, ಎಣ್ಣೆ, ಗಾಳಿಯ ಒತ್ತಡ ಇವು ದಿನದ ತಪಾಸಣೆ.

ಪವರ್ ಪ್ರೆಸ್ಸಿನಲ್ಲಿ ಕೆಲಸಗಾರ ಪ್ರತಿ ಭಾಗವನ್ನೂ ಕೈಯಿಂದ ಟೂಲಿನ ಬಾಯಿಗಿಟ್ಟು ತೆಗೆಯುತ್ತಾನೆ. ಬೆರಳು ಹೋಗುವುದು ಅಲ್ಲಿ. ಟರೆಟ್ ಪಂಚಿನಲ್ಲಿ ಹೊಡೆತದ ಜಾಗಕ್ಕೆ ಕೈ ಹೋಗುವ ಸಂದರ್ಭವೇ ಇಲ್ಲ. ಅಪಾಯವಿರುವುದು ವೇಗವಾಗಿ ಓಡಾಡುವ ಶೀಟಿನ ಅಂಚಿನಲ್ಲಿ. ಅದಕ್ಕಾಗಿ ಸುತ್ತ ಬೆಳಕಿನ ತಡೆ ಹಾಕಿರುತ್ತಾರೆ. ಯಾರಾದರೂ ದಾಟಿದರೆ ಯಂತ್ರ ನಿಲ್ಲುತ್ತದೆ. ಕೆಲಸ ತಡವಾಗುತ್ತದೆಂದು ಈ ತಡೆಯನ್ನು ತಂತಿ ಕಟ್ಟಿ ಮೋಸಗೊಳಿಸುವುದು ಅಪರಾಧಕ್ಕೆ ಸಮ. ಕೈಗವಸು, ಕಿವಿಮುಚ್ಚಳ ಕಡ್ಡಾಯ.

ಈಗಿನ ಸ್ಥಿತಿ

ಫೈಬರ್ ಲೇಸರ್ ಅಗ್ಗವಾದಂತೆ ಟರೆಟ್ ಪಂಚಿನ ಪಾಲು ಕುಗ್ಗುತ್ತಿದೆ. ಲೇಸರಿಗೆ ಪಂಚ್ ಬೇಡ, ಡೈ ಬೇಡ, ಸಾಣೆ ಬೇಡ. ಡ್ರಾಯಿಂಗ್ ಹಾಕಿದರೆ ಯಾವ ಆಕಾರವನ್ನಾದರೂ ಕತ್ತರಿಸುತ್ತದೆ, ನಿಬ್ಲಿಂಗಿನ ಹಲ್ಲುಗುರುತು ಬೀಳುವುದಿಲ್ಲ. ಹೊಸದಾಗಿ ಜಾಬ್ ವರ್ಕ್ ಆರಂಭಿಸುವವರಲ್ಲಿ ಹಲವರು ಲೇಸರಿನ ಕಡೆಗೇ ವಾಲುತ್ತಾರೆ. ಟರೆಟ್ ಉಳಿದಿರುವುದು ಎರಡು ಕೆಲಸಗಳಲ್ಲಿ. ಒಂದು, ಗಾಳಿ ಕಿಂಡಿಯಂತೆ ಒಂದೇ ಶೀಟಿನಲ್ಲಿ ಸಾವಿರಾರು ಒಂದೇ ಅಳತೆಯ ತೂತುಗಳಿರುವ ಪ್ಯಾನೆಲ್. ನಿಮಿಷಕ್ಕೆ ನೂರಾರು ಹೊಡೆತ ಹೊಡೆಯುವ ಪಂಚಿನ ಮುಂದೆ ಇಲ್ಲಿ ಲೇಸರ್ ಹಿಂದೆ ಬೀಳಬಹುದು. ಇನ್ನೊಂದು, ಲೂವರ್, ಉಬ್ಬು, ಕುತ್ತಿಗೆ, ಕೌಂಟರ್‌ಸಿಂಕ್. ಲೇಸರ್ ಕತ್ತರಿಸಬಲ್ಲದು, ಒತ್ತಿ ಆಕಾರ ಕೊಡಲಾರದು. ದೊಡ್ಡ ಘಟಕಗಳು ಎರಡನ್ನೂ ಇಟ್ಟುಕೊಳ್ಳುತ್ತವೆ. ಒಂದೇ ಯಂತ್ರ ಕೊಳ್ಳಬಲ್ಲ ಘಟಕ ತನಗೆ ಬರುವ ಡ್ರಾಯಿಂಗುಗಳಲ್ಲಿ ಒತ್ತಿದ ಆಕಾರಗಳೆಷ್ಟು, ಬರಿಯ ಕತ್ತರಿಕೆ ಎಷ್ಟು ಎಂದು ಎಣಿಸಿ ಆಯ್ಕೆ ಮಾಡಬೇಕಾಗುತ್ತದೆ. ವಿದ್ಯುತ್ ಪ್ಯಾನೆಲ್ ಮಾಡುವವರ ಡ್ರಾಯಿಂಗುಗಳಲ್ಲಿ ಲೂವರ್ ಮತ್ತು ನಾಕ್‌ಔಟ್ ಇಲ್ಲದ ಹಾಳೆ ಕಡಿಮೆ.